‘ಐ ಫರ್ಗಿವ್ ಯು’ ಅನ್ನುವ ಸಾಲಿಗೆ ಬಂದು ನಿಂತವರು

ಸಲಹೆ ಕೇಳಿ ನನ್ನ ಹತ್ತಿರ ಬಂದ ಒಬ್ಬರ ವಿಷಯ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಇಂಥ ತೊಂದರೆ ಹೊತ್ತು ಬರುವವರು ಇವರೊಬ್ಬರೇ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಲವತ್ತು ದಾಟಿದ ಮಹಿಳೆ. ಬಡ್ತಿಗೆ ಬೇಕು ಅಂತ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದರು. ಚೆನ್ನಾಗಿಯೇ ಕಲಿಯುತ್ತಿದ್ದವರು ಇದ್ದಕ್ಕಿದ್ದ ಹಾಗೆ ಬಿಟ್ಟುಬಿಟ್ಟರು. “ಈ ವಯಸ್ಸಲ್ಲಿ ತಲೆಗೆ ಹತ್ತಲ್ಲ ಮೇಡಂ” ಅನ್ನುತ್ತಾ ಬಂದರು.

ಹೊಸ ಭಾಷೆಯ ಕ್ಲಾಸಿನಲ್ಲಿ ಬಾಯಿ ಕಟ್ಟುವುದು ಹೊಸದೇನಲ್ಲ. ಈ ಆತಂಕವನ್ನು ಅಳೆಯಲು ಎಲೇನ್ ಹಾರ್ವಿಟ್ಸ್ ಮತ್ತು ಜೊತೆಗಾರರು 1986ರಲ್ಲೇ 33 ಹೇಳಿಕೆಗಳ ಪಟ್ಟಿ ಮಾಡಿದ್ದಾರೆ. ತಪ್ಪಾದರೆ ಏನು ಗತಿ, ಉಳಿದವರು ನಕ್ಕರೆ ಅನ್ನುವಂಥ ಭಯಗಳು ಅದರಲ್ಲಿವೆ. ಇವರಲ್ಲಿ ಅವು ಕಾಣಲಿಲ್ಲ. ತಪ್ಪಾದರೆ ತಾವೇ ನಕ್ಕು ತಿದ್ದಿಕೊಳ್ಳುವವರು. “ಯಾವ ಪಾಠದವರೆಗೂ ಚೆನ್ನಾಗಿತ್ತು?” ಅಂತ ಕೇಳಿದೆ.

“ಕ್ಷಮೆ ಪಾಠದವರೆಗೂ.”

ದಿನಬಳಕೆಯ ಮಾತುಗಳನ್ನು ಒಂದೊಂದು ವಿಷಯ ಹಿಡಿದು ಕಲಿಸುವ ಕ್ಲಾಸು ಅದು. ಆ ವಾರದ ವಿಷಯ ಕ್ಷಮೆ. ಇಬ್ಬಿಬ್ಬರು ಎದುರುಬದುರು ಕೂತು ಹೇಳಬೇಕು. ಒಬ್ಬರು, “ಐ ಆಮ್ ಸೋ ಸಾರಿ. ಇಟ್ ವಾಸ್ ಮೈ ಫಾಲ್ಟ್. ಐ ಶುಡಂಟ್ ಹ್ಯಾವ್ ಡನ್ ದಟ್.” ಇನ್ನೊಬ್ಬರು, “ದಟ್ಸ್ ಆಲ್ ರೈಟ್. ಐ ಫರ್ಗಿವ್ ಯು. ಲೆಟ್ಸ್ ಫರ್ಗೆಟ್ ಇಟ್.” ಇವರದು ಎರಡನೇ ಪಾಲು. ‘ಐ’ ಅಂದಿದ್ದಷ್ಟೇ, ಮುಂದಕ್ಕೆ ಹೋಗಲಿಲ್ಲ. ನೀರು ಕುಡಿಯುವ ನೆಪದಲ್ಲಿ ಎದ್ದವರು ಮತ್ತೆ ಆ ಕ್ಲಾಸಿಗೆ ಹೋಗಿರಲಿಲ್ಲ.

ಯಾರನ್ನೋ ಕ್ಷಮಿಸಲಾಗದ ಸಿಟ್ಟಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ? ಅವರಿಗೂ ಹಾಗೇ ಅನ್ನಿಸಿತ್ತು, ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಹಣದ ವಿಷಯದಲ್ಲಿ ಅವರ ಅಣ್ಣ ವರ್ಷಗಳ ಹಿಂದೆ ಮೋಸ ಮಾಡಿದ್ದ. ಅದರ ವಿವರ ಇಲ್ಲಿ ಬೇಡ. ಅದನ್ನು ಹೇಳುವಾಗ ಅವರ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಕ್ಲಾಸಿನಲ್ಲಿ ಎದುರು ಕೂತು ಸಾರಿ ಹೇಳಿದ ಹುಡುಗಿಯ ಮಾತು ಬಂದಾಗ ಮಾತ್ರ ಕಣ್ಣು ತುಂಬಿಬಂತು.

“ಅವಳು ಎಷ್ಟು ಚೆನ್ನಾಗಿ ಸಾರಿ ಕೇಳಿದಳು ಮೇಡಂ. ನನ್ನ ಮುಖ ನೋಡಿಕೊಂಡು, ಇದು ನನ್ನದೇ ತಪ್ಪು ಅಂದಳು. ನನ್ನನ್ನು ಯಾರೂ ಯಾವತ್ತೂ ಹಾಗೆ ಕೇಳಿಲ್ಲ.”

ನಾವಿಬ್ಬರೂ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರೇ ಹೇಳಿದರು: “ಎಲ್ಲರೂ ನನಗೇ ಹೇಳಿದ್ದು. ಅಣ್ಣ ತಾನೇ, ದೊಡ್ಡ ಮನಸ್ಸು ಮಾಡು. ಹೋಗಲಿ ಬಿಡು. ನಾನು ಬಿಟ್ಟೆ. ಆದರೆ ಅವನು ಒಂದು ಸಲವೂ ಕ್ಷಮೆ ಕೇಳಲಿಲ್ಲ.”

ಅಂದರೆ ಇಷ್ಟು ವರ್ಷ ಎರಡನೇ ಪಾಲಿನ ಮಾತನ್ನು ಇವರು ಹೇಳುತ್ತಲೇ ಬಂದಿದ್ದಾರೆ. ಮೊದಲ ಪಾಲು ಅವರ ಕಿವಿಗೆ ಬಿದ್ದಿದ್ದು ಆ ಹುಡುಗಿಯ ಬಾಯಿಂದಲೇ ಮೊದಲು.

ನಾನು ಕೊಟ್ಟ ಸಲಹೆ ಇದು. ಕ್ಲಾಸಿಗೆ ವಾಪಸ್ ಹೋಗಿ. ‘ಐ ಫರ್ಗಿವ್ ಯು’ ಸದ್ಯಕ್ಕೆ ಬೇಡ. ಅದಕ್ಕಿಂತ ಮೊದಲು ಬೇಕಾದ ಮಾತುಗಳನ್ನು ಕಲಿಸಿ ಅಂತ ಟೀಚರನ್ನು ಕೇಳಿ: “ದಟ್ ಹರ್ಟ್ ಮಿ.” “ಐ ನೀಡ್ ಸಮ್ ಟೈಮ್.” “ಐ ಆಮ್ ನಾಟ್ ರೆಡಿ ಟು ಟಾಕ್ ಅಬೌಟ್ ಇಟ್ ಯೆಟ್.” ಯಾರಾದರೂ ನಿಜವಾಗಿ ಸಾರಿ ಕೇಳಿದರೆ, “ಥ್ಯಾಂಕ್ ಯು ಫಾರ್ ಸೇಯಿಂಗ್ ದಟ್” ಅಂದರೂ ಸಾಕು, ಅಲ್ಲೇ ನಿಲ್ಲಬಹುದು. ಸಣ್ಣಪುಟ್ಟದ್ದಕ್ಕೆ, ಯಾರೋ ತಡವಾಗಿ ಬಂದರು, ಕಾಲು ತುಳಿದರು ಅಂದರೆ, “ನೋ ಪ್ರಾಬ್ಲಮ್”, “ನೆವರ್ ಮೈಂಡ್” ಇದ್ದೇ ಇದೆ. ಅಂಥ ಕಡೆ ‘ಐ ಫರ್ಗಿವ್ ಯು’ ಅಂದರೆ ಕೇಳಿದವರಿಗೇ ಮುಜುಗರ. “ಐ ಆಮ್ ಸಾರಿ ಯು ಫೀಲ್ ದಟ್ ವೇ” ಅನ್ನುವ ಸಾಲನ್ನೂ ಗುರುತು ಹಿಡಿಯಲು ಕಲಿಯಿರಿ ಅಂದೆ. ಸಾರಿ ಇದ್ದರೂ ಅದರಲ್ಲಿ ತಪ್ಪು ಒಪ್ಪಿಕೊಂಡಿಲ್ಲ. ಅದಕ್ಕೆ ‘ಇಟ್ಸ್ ಓಕೆ’ ಅನ್ನಲೇಬೇಕು ಅಂತೇನಿಲ್ಲ.

ಈ ಸಲಹೆಗೆ ಆಕ್ಷೇಪ ಬಂತು. ಭಾಷೆ ಕಲಿಸುವ ಸ್ನೇಹಿತೆಯೊಬ್ಬರು, “ಅದು ಸುಮ್ನೆ ಅಭ್ಯಾಸ. ಪರಭಾಷೆಯ ಮಾತು ಮನಸ್ಸಿಗೆ ಅಷ್ಟು ತಟ್ಟಲ್ಲ” ಅಂದರು. ಅವರ ಮಾತಿಗೆ ಆಧಾರ ಇದೆ. ಟರ್ಕಿಶ್ ಮನೆಮಾತಾಗಿದ್ದು ಇಂಗ್ಲಿಷನ್ನು ಆಮೇಲೆ ಕಲಿತವರ ಮೇಲೆ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಚಿಕ್ಕಂದಿನಲ್ಲಿ ಕೇಳಿದಂಥ ಗದರಿಕೆಗಳಿಗೆ ಚರ್ಮದ ಮೇಲೆ ಉಪಕರಣದಿಂದ ಅಳೆದ ಪ್ರತಿಕ್ರಿಯೆ (ಮನಸ್ಸು ಕಲಕಿದಾಗ ಸೂಕ್ಷ್ಮವಾಗಿ ಬೆವರುವುದು) ಇಂಗ್ಲಿಷಿಗಿಂತ ಮನೆಮಾತಿನಲ್ಲೇ ಜಾಸ್ತಿ ಇತ್ತು. ಆದರೆ ಕಡಿಮೆ ತಟ್ಟುತ್ತೆ ಅಂದರೆ ತಟ್ಟುವುದೇ ಇಲ್ಲ ಅಂತಲ್ಲ. ಆ ದೂರದಿಂದ ಉಪಯೋಗವೂ ಇದೆ. “ನನಗೆ ನೋವಾಯ್ತು ಅಣ್ಣ” ಅಂತ ತಮ್ಮ ಭಾಷೆಯಲ್ಲಿ ಹೇಳಲಾಗದೆ ಒದ್ದಾಡುತ್ತಿದ್ದ ಇವರು, ನನ್ನೆದುರು “ದಟ್ ಹರ್ಟ್ ಮಿ” ಅಂತ ಸಲೀಸಾಗಿ ಹೇಳಿದರು. ಎರಡು ಸಲ ಅಂದು ನೋಡಿದ ಮೇಲೆ ತಮ್ಮ ಭಾಷೆಯಲ್ಲೂ ಹೇಳಿದರು.

ಇನ್ನು ಕೆಲವರು, “ಕ್ಷಮಿಸಿದರೆ ಅವರಿಗೇ ಒಳ್ಳೆಯದು, ನೀವು ಒತ್ತಾಯ ಮಾಡಬೇಕಿತ್ತು” ಅನ್ನುತ್ತಾರೆ. ಕ್ಷಮೆಯಿಂದ ಮನಸ್ಸು ಹಗುರಾಗುವುದನ್ನು ನಾನೂ ನೋಡಿದ್ದೇನೆ. ಆದರೆ ಒತ್ತಾಯ ನಾನು ಮಾಡಲ್ಲ. ಕ್ಷಮೆಯ ಬಗ್ಗೆ ದಶಕಗಳಿಂದ ಕೆಲಸ ಮಾಡಿರುವ ಎವರೆಟ್ ವರ್ದಿಂಗ್ಟನ್ ಎರಡು ಬಗೆ ಹೇಳುತ್ತಾರೆ: ಸೇಡು ಬೇಡ ಅಂತ ತೀರ್ಮಾನಿಸುವ ಕ್ಷಮೆ ಒಂದು, ಒಳಗಿನ ಕಹಿ ಕರಗುವ ಕ್ಷಮೆ ಇನ್ನೊಂದು. ಮೊದಲನೆಯದು ಆದ ಕೂಡಲೇ ಎರಡನೆಯದೂ ಆಗಿಬಿಡಬೇಕು ಅಂತಿಲ್ಲ. ಇವರು ಮೊದಲನೆಯದನ್ನು ಯಾವಾಗಲೋ ಮಾಡಿದ್ದಾರೆ. ಎರಡನೆಯದಕ್ಕೆ ನಾನು ದಿನ ಗೊತ್ತು ಮಾಡಲಾರೆ, ಅವರ ಅಣ್ಣನೂ ಮಾಡಲಾರ, ಪಠ್ಯಪುಸ್ತಕವಂತೂ ಮಾಡಲೇಬಾರದು.

ಅದಕ್ಕೇ ಭಾಷೆ ಕಲಿಸುವವರಲ್ಲಿ ನನ್ನ ಕೋರಿಕೆ: ಈ ಪಾಠ ಬಂದಾಗ ಯಾವ ಪಾಲು ಬೇಕು ಅಂತ ಕಲಿಯುವವರನ್ನೇ ಕೇಳಿ. ‘ನಾಟ್ ಯೆಟ್’ ಅನ್ನುವ ಉತ್ತರವನ್ನೂ ಸರಿಯುತ್ತರಗಳ ಜೊತೆ ಬೋರ್ಡಿನ ಮೇಲೆ ಬರೆಯಿರಿ.

ಅವರು ಕ್ಲಾಸಿಗೆ ವಾಪಸ್ ಹೋಗಿದ್ದಾರೆ. ಅದೇ ಪಾಠವನ್ನು ಅದೇ ಹುಡುಗಿಯ ಜೊತೆ ಮಾಡಿದರಂತೆ, ಈ ಸಲ ಸಾರಿ ಕೇಳುವ ಪಾಲು ತಾವು ತೆಗೆದುಕೊಂಡು. ಅಣ್ಣನ ಹತ್ತಿರ ಇನ್ನೂ ಮಾತಾಡಿಲ್ಲ. ಮಾತಾಡಬೇಕೋ ಬೇಡವೋ ಅನ್ನುವುದನ್ನು ಮುಂದಿನ ಭೇಟಿಗಳಲ್ಲಿ ಅವರೇ ಯೋಚಿಸುತ್ತಾರೆ.