ಬಾಗಿಲು ತಟ್ಟಬೇಕಾದವರು ಯಾರು?

ಪ್ರಶ್ನೆ: ನನ್ನ ತಮ್ಮನಿಗೆ 28 ವರ್ಷ. ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದವನು ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟಿದ್ದ. ಒಂದು ರಾತ್ರಿ, ನೆರೆಯವರು ತನಗೆ ವಿಷ ಹಾಕುತ್ತಿದ್ದಾರೆಂದು ಕೂಗಾಡಿ ಕೋಣೆಯ ಚಿಲಕ ಹಾಕಿಕೊಂಡ. ಗಾಬರಿಗೊಂಡ ಅಕ್ಕಪಕ್ಕದವರು ಪೊಲೀಸರನ್ನು ಕರೆಸಿದರು. ಅವರು ಅವನನ್ನು ಬೆಳಗಿನವರೆಗೆ ಲಾಕಪ್ಪಿನಲ್ಲಿಟ್ಟು ಆಮೇಲೆ ಆಸ್ಪತ್ರೆಗೆ ತಲುಪಿಸಿದರು. ಈಗ ಚೇತರಿಸಿಕೊಂಡಿದ್ದಾನೆ, ಆದರೆ ಬೀದಿಗೆ ಇಳಿಯಲು ಹಿಂಜರಿಯುತ್ತಾನೆ. ಇಂಥ ಹೊತ್ತಿನಲ್ಲಿ ಬರಬೇಕಾದವರು ಪೊಲೀಸರೇ, ವೈದ್ಯರೇ?
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೊದಲಿಗೆ, ನಿಮ್ಮ ತಮ್ಮನನ್ನು ಲಾಕಪ್ಪಿನಲ್ಲಿ ಇಟ್ಟದ್ದು ಕಾನೂನಿಗೆ ವಿರುದ್ಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ಕಾಯಿಲೆಯ ಕಾರಣದಿಂದ ತನಗೋ ಇತರರಿಗೋ ಅಪಾಯ ತಂದೊಡ್ಡಬಹುದಾದ ವ್ಯಕ್ತಿಯನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಂಡು, ಆದಷ್ಟು ಬೇಗ, ಹೇಗಿದ್ದರೂ 24 ಗಂಟೆ ಮೀರದಂತೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಯಾವ ಸಂದರ್ಭದಲ್ಲೂ ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕಕೂಡದು. 24 ಗಂಟೆ ಎಂದರೆ ಬೆಳಗಾಗುವವರೆಗೆ ಕೂರಿಸಿಕೊಳ್ಳಲು ಕೊಟ್ಟ ಸಮಯ ಎಂದು ಅರ್ಥಮಾಡಿಕೊಳ್ಳುವವರೇ ಹೆಚ್ಚು. ಅದು ದಾಟಬಾರದ ಗಡಿ, ಅಷ್ಟೇ.

ಹಾಗೆಂದು ಪೊಲೀಸರನ್ನು ಪೂರ್ತಿ ಹೊರಗಿಡಬೇಕೆಂದು ನಾನು ಹೇಳಲಾರೆ. ಕೈಯಲ್ಲಿ ಮಚ್ಚು ಹಿಡಿದು ನಿಂತವರ ಮುಂದೆ ಆಶಾ ಕಾರ್ಯಕರ್ತೆಯನ್ನು ಒಬ್ಬಳೇ ಕಳುಹಿಸುವುದು ಅನ್ಯಾಯ. ಆದರೆ ನೀವು ಬರೆದಿರುವ ಸ್ಥಿತಿಯಲ್ಲಿ ಆಯುಧವಿರಲಿಲ್ಲ, ಯಾರ ಮೇಲೂ ಕೈ ಮಾಡಿದ್ದಿಲ್ಲ, ಭಯವೊಂದೇ ಇತ್ತು. ಎಲ್ಲರೂ ತನ್ನನ್ನು ಕೊಲ್ಲಲು ಹೊಂಚು ಹಾಕಿದ್ದಾರೆಂದು ನಂಬಿರುವವನ ಬಾಗಿಲಿಗೆ ಖಾಕಿ ಬಂದು ನಿಂತರೆ, ಅವನ ಪಾಲಿಗೆ ಆ ಸಂಶಯ ನಿಜವಾಯಿತು ಎಂದೇ ಲೆಕ್ಕ.

ಮೊದಲು ಬರಬೇಕಾದವರು ವೈದ್ಯರು. ಅವರು ಮನೋವೈದ್ಯರೇ ಆಗಿರಬೇಕಿಲ್ಲ. ಇದು ಅನೇಕ ವೈದ್ಯರಿಗೇ ತಿಳಿದಿಲ್ಲ. ಜೀವಕ್ಕೆ ಅಪಾಯವಿದ್ದಾಗ, ಅಥವಾ ವ್ಯಕ್ತಿಯು ತನಗೆ ಇಲ್ಲವೇ ಇತರರಿಗೆ ಗಂಭೀರ ಹಾನಿ ಮಾಡುವುದನ್ನು ತಡೆಯಬೇಕಾದಾಗ, ನೋಂದಾಯಿತ ವೈದ್ಯರು ಯಾರೇ ಆದರೂ, ಆಸ್ಪತ್ರೆಯಲ್ಲೇ ಇರಲಿ ಮನೆಯಂಗಳದಲ್ಲೇ ಇರಲಿ, ನಾಮನಿರ್ದೇಶಿತ ಪ್ರತಿನಿಧಿ (ರೋಗಿಯ ಪರವಾಗಿ ನಿಲ್ಲಲು ಗೊತ್ತಾದ ವ್ಯಕ್ತಿ) ಲಭ್ಯರಿದ್ದರೆ ಅವರ ಒಪ್ಪಿಗೆ ಪಡೆದು ತುರ್ತು ಚಿಕಿತ್ಸೆ ಕೊಡಬಹುದೆಂದು ಅದೇ ಕಾಯ್ದೆಯ 94ನೇ ಕಲಮು ಹೇಳುತ್ತದೆ. ಮಾನಸಿಕ ಆಸ್ಪತ್ರೆಗೆ ಸಾಗಿಸುವುದೂ ಇದರಲ್ಲಿ ಸೇರಿದೆ. ಈ ತುರ್ತು ಚಿಕಿತ್ಸೆಗೆ ಸಾಮಾನ್ಯವಾಗಿ 72 ಗಂಟೆಯ ಮಿತಿಯಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಈ ಕೆಲಸ ಮಾಡಬಲ್ಲರೇ ಎಂಬ ಅನುಮಾನಕ್ಕೆ ನಮ್ಮ ರಾಜ್ಯವೇ ಬಹಳ ಹಿಂದೆ ಉತ್ತರ ಕೊಟ್ಟಿದೆ: 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಇಂಥ ವೈದ್ಯರನ್ನೂ ಆರೋಗ್ಯ ಕಾರ್ಯಕರ್ತರನ್ನೂ ತರಬೇತುಗೊಳಿಸಿತು, ಆ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕೊರತೆಯಿರುವುದು ರಾತ್ರಿಯಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕು, ಗುರುವಾರ ನಡುರಾತ್ರಿ ಕೆರಳಿದ ಮನಸ್ಸಿಗೆ ಎಟುಕುವುದಿಲ್ಲ.

ಟೆಲಿ ಮನಸ್ ಸಹಾಯವಾಣಿ (14416) ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೂ ದೊರೆಯುತ್ತದೆ. ಅವನೊಡನೆ ಯಾವ ಧಾಟಿಯಲ್ಲಿ ಮಾತನಾಡಬೇಕು, ಕೋಣೆಯಿಂದ ಏನನ್ನು ದೂರವಿಡಬೇಕು ಎಂಬುದನ್ನೆಲ್ಲ ಅಲ್ಲಿ ಕೇಳಬಹುದು. ಆದರೆ ಮನೆಗೆ ಬಂದು ಬಾಗಿಲು ತಟ್ಟುವವರು ಬೇರೆಯೇ ಬೇಕು. ಅದಕ್ಕೆ 108ಕ್ಕೆ ಕರೆ ಮಾಡಿ, "ಗಲಾಟೆ" ಎನ್ನದೆ, ಕಾಯಿಲೆಯ ಹೆಸರನ್ನೂ ನಿಂತುಹೋದ ಮಾತ್ರೆಯ ಹೆಸರನ್ನೂ ಹೇಳಿರಿ.

ತಮ್ಮ ಚೇತರಿಸಿಕೊಂಡಿರುವ ಈ ದಿನಗಳಲ್ಲೇ ಮಾಡಬೇಕಾದದ್ದು ಇನ್ನೊಂದಿದೆ. ತನ್ನ ಪರವಾಗಿ ಯಾರು ನಿಲ್ಲಬೇಕೆಂಬುದನ್ನು ಅವನೇ ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಬಹುದು. ಸ್ಟಾಂಪ್ ಕಾಗದ ಬೇಕಿಲ್ಲ. ಆ ರಾತ್ರಿ ಯಾರು ಬಂದಿದ್ದರೆ ಬಾಗಿಲು ತೆರೆಯುತ್ತಿದ್ದನೆಂದು ಅವನನ್ನೇ ಕೇಳಿರಿ. ನೀವು ಊಹಿಸಿದ ಹೆಸರನ್ನೇ ಅವನು ಹೇಳುತ್ತಾನೆಂದು ನಂಬಿಕೊಂಡಿರಬೇಡಿ.

ಪ್ರಶ್ನೆ: ಅಮೆರಿಕದಲ್ಲಿ ಪೊಲೀಸರ ಬದಲಿಗೆ ಆರೋಗ್ಯ ಸಿಬ್ಬಂದಿಯೇ ವ್ಯಾನಿನಲ್ಲಿ ಬರುತ್ತಾರಂತೆ. ನಮ್ಮಲ್ಲಿ ಸಾಧ್ಯವೇ?
— ಓದುಗರು, ಬೆಂಗಳೂರು

ಉತ್ತರ: ನೀವು ಕೇಳಿರುವುದು ಬಹುಶಃ ಆರೆಗಾನ್ ರಾಜ್ಯದ ಯೂಜೀನ್ ನಗರದ ಕಹೂಟ್ಸ್ ಬಗ್ಗೆ. 1989ರಲ್ಲಿ ಆರಂಭವಾದ ಆ ಸೇವೆಯಲ್ಲಿ ಒಬ್ಬ ವೈದ್ಯಕೀಯ ಸಿಬ್ಬಂದಿ, ಒಬ್ಬ ಆಪ್ತಸಮಾಲೋಚಕ, ಇಬ್ಬರೇ ಬರುತ್ತಿದ್ದರು, ಬಂದೂಕು ಇರುತ್ತಿರಲಿಲ್ಲ. ದೇಶದ ಹಲವು ನಗರಗಳು ಅದನ್ನು ಮಾದರಿಯಾಗಿ ಕಂಡವು. ವಿಪರ್ಯಾಸವೆಂದರೆ, ಹಣದ ಮುಗ್ಗಟ್ಟಿನಿಂದ 2025ರ ಏಪ್ರಿಲ್‌ನಲ್ಲಿ ಹುಟ್ಟಿದೂರಲ್ಲೇ ಅದು ನಿಂತುಹೋಯಿತು. ನಮ್ಮಲ್ಲಿ ವಾಹನಕ್ಕಾಗಿ ಹೊಸದಾಗಿ ದುಡ್ಡು ಸುರಿಯಬೇಕಾಗಿಲ್ಲ. 2008ರಿಂದ 108 ಓಡಾಡುತ್ತಿದೆ. ಅದರ ಸಿಬ್ಬಂದಿಗೆ ಕೆರಳಿದವರನ್ನು ಮಾತಿನಲ್ಲಿ ತಣಿಸುವ ತರಬೇತಿ, ರಾತ್ರಿ ಪಾಳಿಯ ವೈದ್ಯರಿಗೆ 94ನೇ ಕಲಮಿನ ತಿಳಿವಳಿಕೆ, ಆಯುಧವಿಲ್ಲದ ಕಡೆ ಪೊಲೀಸರು ಬೀದಿಯ ತಿರುವಿನಲ್ಲೇ ಕಾಯಬೇಕೆಂಬ ಲಿಖಿತ ಸೂಚನೆ, ಈ ಮೂರನ್ನು ಒಂದು ಜಿಲ್ಲೆಯಲ್ಲಾದರೂ ಮೊದಲು ಮಾಡಿ ನೋಡಬಹುದು.