ಮೊದಲ ನರ್ಸಿಂಗ್ ಶಾಲೆ: 1836 ಅಥವಾ 1860?

ನರ್ಸಿಂಗ್ ಇತಿಹಾಸದ ನಿಮ್ಮ ಸೆಮಿನಾರಿನ ಸ್ಲೈಡುಗಳಿಗೆ ಮೊದಲ ನರ್ಸಿಂಗ್ ಶಾಲೆಯ ಇಸವಿ ಹುಡುಕಿದಾಗ ಒಂದು ಪುಸ್ತಕದಲ್ಲಿ 1836, ಇನ್ನೊಂದರಲ್ಲಿ 1860 ಸಿಕ್ಕಿರುವುದು ಬಹುಶಃ ಎರಡೂ ಬೇರೆ ಬೇರೆ ಸಂಸ್ಥೆಗಳ ಬಗ್ಗೆ ಹೇಳುತ್ತಿರುವುದರಿಂದ. ಎರಡೂ ಇಸವಿ ಸರಿ. ಯಾವುದನ್ನೂ ಹೊಡೆದುಹಾಕಬೇಡಿ.

ಮೊದಲು 1836 ಹಾಕಿ. ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ಥಿಯೊಡೋರ್ ಫ್ಲೀಡ್ನರ್ ದಂಪತಿ ಶುರುಮಾಡಿದ ಸಂಸ್ಥೆ ಇದು. ಅಲ್ಲಿ ತರಬೇತಿ ಧಾರ್ಮಿಕ ಸೇವೆಯ ಒಂದು ಭಾಗವಾಗಿತ್ತು. ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಸುಮಾರು ಮೂರು ತಿಂಗಳು ಇದ್ದು ಕಲಿತದ್ದು ಇಲ್ಲೇ.

ಆಮೇಲೆ 1859, ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ನರ್ಸಿಂಗ್ ಶಾಲೆ. ಧಾರ್ಮಿಕ ಸಂಘಕ್ಕೆ ಸೇರದ ಹೆಂಗಸರಿಗೂ ಅಲ್ಲಿ ತರಬೇತಿ ಇತ್ತು. ಇದನ್ನು ಬಿಟ್ಟು ಲಂಡನ್ನಿಗೆ ‘ಮೊದಲ ಲೌಕಿಕ ಶಾಲೆ’ ಎಂದು ಬರೆದರೆ ತಪ್ಪಾಗುತ್ತದೆ.

ಹೆಚ್ಚು ಸಮಯ 1860ಕ್ಕೆ ಕೊಡಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಈ ಶಾಲೆಗೆ ಹಣ ಬಂದದ್ದು ಸಾರ್ವಜನಿಕ ಚಂದಾದ ನೈಟಿಂಗೇಲ್ ನಿಧಿಯಿಂದ. ಒಂದು ವರ್ಷದ ತರಬೇತಿ, ಊಟ-ವಸತಿ ಉಚಿತ. ಮೇಟ್ರನ್ (ನರ್ಸ್‌ಗಳ ಮುಖ್ಯಸ್ಥೆ) ಪ್ರತಿ ವಿದ್ಯಾರ್ಥಿನಿಯ ಬಗ್ಗೆ ತಿಂಗಳಿಗೊಂದು ವರದಿ ಹಾಳೆ ತುಂಬುತ್ತಿದ್ದರು: ಸಮಯಪಾಲನೆ, ವಿಶ್ವಾಸಾರ್ಹತೆ, ಶುಚಿತ್ವ ಒಂದು ಕಡೆ, ಬ್ಯಾಂಡೇಜ್, ಎನಿಮಾ, ಜಿಗಣೆ ಹಚ್ಚುವುದು ಇನ್ನೊಂದು ಕಡೆ. ನಿಮ್ಮ ಕ್ಲಿನಿಕಲ್ ಲಾಗ್‌ಬುಕ್ ಪಕ್ಕದಲ್ಲಿಟ್ಟು ತೋರಿಸಿ, ತರಗತಿಗೆ ತಟ್ಟನೆ ಅರ್ಥವಾಗುತ್ತದೆ.

ಕೊನೆಗೆ ನರ್ಸ್‌ಗಳ ನೋಂದಣಿ ಮತ್ತು ನಿಯಂತ್ರಣದ ಕಾನೂನುಗಳು: ನ್ಯೂಜಿಲೆಂಡ್ 1901, ಬ್ರಿಟನ್ 1919, ನಮ್ಮ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆ 1947. ಕೇವಲ ತರಬೇತಿಯಿಂದ ನರ್ಸಿಂಗ್ ಒಂದು ವೃತ್ತಿ ಆಗಲಿಲ್ಲ, ಹಾಗಾಗಿ ಈ ಸಾಲು ಬೇಕೇಬೇಕು. 1860ರ ಸ್ಲೈಡಿನ ತಲೆಬರಹದಲ್ಲಿ ‘ಜಗತ್ತಿನ ಮೊದಲ ಶಾಲೆ’ ತೆಗೆದು ‘ನೈಟಿಂಗೇಲ್ ಮಾದರಿಯ ಆರಂಭ’ ಎಂದು ಹಾಕಿ.