ನಿಮ್ ಪ್ರಶ್ನೆ ಇದು: ಕೆನಡಾದಲ್ಲಿ ಫೈರ್‌ಫೈಟರ್ ಆಗಿ ಸೇರಿ ಒಂದೂವರೆ ವರ್ಷ ಆಯ್ತು. ಒಂದು ಕೆಟ್ಟ ಕಾಲ್ (ತುರ್ತು ಕರೆ ಬಂದು ಹೋಗಿದ್ದು) ಆದ್ಮೇಲೆ ನಿದ್ದೆ ಇಲ್ಲ. ಯೂನಿಯನ್‌ಗೆ ಹೇಳೋದಾ, ಎಚ್‌ಆರ್‌ಗೆ ಹೇಳೋದಾ, ಇಲ್ಲಾ ಸುಮ್ನಿದ್ದು ಬೇರೆ ಕೆಲಸ ನೋಡ್ಕೊಳ್ಳೋದಾ?

ಆ "ಬೇರೆ ಕೆಲಸ" ನೋಡ್ಕೊಂಡೋನು ನಾನು. ಈಗ ಅಪಾರ್ಟ್‌ಮೆಂಟ್ ಬಿಲ್ಡಿಂಗ್‌ಗಳಲ್ಲಿ ಫೈರ್ ಅಲಾರ್ಮ್ ಟೆಸ್ಟ್ ಮಾಡ್ಕೊಂಡು ಓಡಾಡ್ತೀನಿ. ಕಾರಿಡಾರಲ್ಲಿ ನಿಂತು ಬೆಲ್ ಹೊಡ್ಸೋದು, ಮನೆಯೋರು ಬಾಗ್ಲು ತೆಗೆದು ಬೈಯೋದು, ಸಾರಿ ಅಂತ ಮುಂದಿನ ಫ್ಲೋರ್‌ಗೆ ಹೋಗೋದು. ಅದಕ್ಕೂ ಮುಂಚೆ ಎಂಟು ವರ್ಷ ಒಂಟಾರಿಯೊ ಪ್ರಾವಿನ್ಸಿನ ಒಂದು ಊರಲ್ಲಿ (ಹೆಸರು ಬೇಡ ಬಿಡಿ) ನಿಮ್ ಥರಾನೇ ಬಂಕರ್ ಗೇರ್, ಅದೇ ಬೆಂಕಿ ತಡೆಯೋ ಡ್ರೆಸ್ಸು, ಹಾಕ್ಕೊಂಡಿದ್ದೆ.

ನೀವು ಪ್ರಶ್ನೆ ಕೆಳಗೆ ಬರ್ದಿದೀರಲ್ಲ, ಸಂಬಳದಲ್ಲಿ ಡ್ಯೂಸ್ (ಯೂನಿಯನ್ ಚಂದಾ) ಹಿಡೀತಾರೆ, ಊರಲ್ಲೇ ಯೂನಿಯನ್ ಪಾಲಿಟಿಕ್ಸ್ ನೋಡಿ ಸಾಕಾಗಿದೆ, ದೂರ ಇರೋಣ ಅನ್ಸುತ್ತೆ ಅಂತ. ಇದನ್ನ ನಾನೇ ಬರ್ದೆನಾ ಅನ್ನಿಸ್ತು. ನಾನು ದಾವಣಗೆರೆಯೋನು. ಅಪ್ಪ ಕಾಟನ್ ಮಿಲ್ಲಲ್ಲಿದ್ರು. ಮಿಲ್ ಮುಚ್ಚಿದಾಗ ನಾನಿನ್ನೂ ಹೈಸ್ಕೂಲು. ಆಮೇಲೆ ಮನೇಲಿ ಊಟಕ್ಕೆ ಕೂತಾಗೆಲ್ಲ ಒಂದೇ ಮಾತು: "ಬಾವುಟ ಹಿಡ್ದೋರು ಮನೆ ಕಟ್ಕೊಂಡ್ರು, ಮಗ್ಗ ಹಿಡ್ದೋರು ಬೀದಿಗೆ ಬಂದ್ವಿ." ಹಳೇ ಮಷೀನು, ಪವರ್‌ಲೂಮ್ ಪೈಪೋಟಿ, ಓನರ್‌ಗಳ ಲೆಕ್ಕಾಚಾರ, ಇವೆಲ್ಲಾ ಇತ್ತು ಅಂತ ದೊಡ್ಡೋನಾದ್ಮೇಲೆ ಗೊತ್ತಾಯ್ತು, ಆದ್ರೆ ಚಿಕ್ಕಂದಿನಲ್ಲಿ ಕಿವಿಗೆ ಬಿದ್ದಿದ್ದು ಅಷ್ಟು ಬೇಗ ಹೋಗಲ್ಲ ನೋಡ್ರಿ.

ಡ್ಯೂಸ್ ವಿಚಾರ ಮೊದ್ಲು ಮುಗಿಸ್ಬಿಡ್ತೀನಿ. ಅದನ್ನ ತಪ್ಪಿಸ್ಕೊಳ್ಳೋಕಾಗಲ್ಲ. ಒಂಟಾರಿಯೊದ ವಿಂಡ್ಸರ್‌ನಲ್ಲಿ ಫೋರ್ಡ್ ಕಾರ್ ಫ್ಯಾಕ್ಟರಿ ಸ್ಟ್ರೈಕ್ ಆದ್ಮೇಲೆ 1946ರಲ್ಲಿ ಐವನ್ ರ್ಯಾಂಡ್ ಅನ್ನೋ ಜಡ್ಜ್ ಕೊಟ್ಟ ತೀರ್ಪಿಂದ ಬಂದಿದ್ದು ಇದು. ಮೆಂಬರ್ ಆಗೋದು ಬಿಡೋದು ನಿಮ್ಮಿಷ್ಟ, ಆದ್ರೆ ಯೂನಿಯನ್ ಮಾಡಿದ ಅಗ್ರಿಮೆಂಟಿನ ಲಾಭ ಎಲ್ಲರಿಗೂ ಸಿಗೋದ್ರಿಂದ ದುಡ್ಡು ಎಲ್ಲರೂ ಕೊಡ್ಬೇಕು. ಅಂದ್ರೆ ನೀವು ದೂರ ಇದ್ರೂ ದುಡ್ಡು ಹೋಗುತ್ತೆ, ಸಿಗೋ ಸಹಾಯ ಮಾತ್ರ ನೀವೇ ಬಿಟ್ಕೊಟ್ಟಂಗೆ. ನಾನು ಎಂಟು ವರ್ಷ ಹಿಂಗೇ ಕಟ್ಟಿದೆ. ಇನ್ನು ಸ್ಟ್ರೈಕ್ ಭಯ ಇದ್ರೆ ಅದೂ ಬೇಡ, ಒಂಟಾರಿಯೊದಲ್ಲಿ ಫೈರ್‌ಫೈಟರ್‌ಗಳು ಸ್ಟ್ರೈಕ್ ಮಾಡೋ ಹಾಗೇ ಇಲ್ಲ, 1997ರ ಕಾಯ್ದೆ ಪ್ರಕಾರ ಸಂಬಳದ ಜಗಳ ಆರ್ಬಿಟ್ರೇಟರ್ (ತೀರ್ಪು ಕೊಡೋ ಮಧ್ಯಸ್ಥ) ಮುಂದೆ ಹೋಗುತ್ತೆ. ನಮ್ಮಪ್ಪನ ಮಿಲ್ ಗೇಟಿಗೂ ಇದಕ್ಕೂ ಸಂಬಂಧಾನೇ ಇಲ್ಲ ಅಂತ ಗೊತ್ತಾಗೋಕೆ ನಂಗೆ ಬಹಳ ವರ್ಷ ಬೇಕಾಯ್ತು.

ಕಣ್ಣಾರೆ ನೋಡಿಯೂ ಬುದ್ಧಿ ಬರ್ಲಿಲ್ಲ ಅನ್ನೋದೇ ಬೇಜಾರು. 2013ರಲ್ಲಿ ನಮ್ ಹಾಲ್‌ನ (ಫೈರ್ ಸ್ಟೇಷನ್‌ನ) ಸೀನಿಯರ್ ಒಬ್ರಿಗೆ ಮೆದುಳಿನ ಕ್ಯಾನ್ಸರ್ ಬಂತು. ಹತ್ತೊಂಬತ್ತು ವರ್ಷ ಸರ್ವಿಸ್. ಮೊದ್ಲಾಗಿದ್ರೆ ಮನೆಯೋರು ಯಾವ ಬೆಂಕಿಯ ಯಾವ ಹೊಗೆಯಿಂದ ಬಂತು ಅಂತ ಪ್ರೂವ್ ಮಾಡ್ಬೇಕಿತ್ತು, ಅದು ಯಾರ ಕೈಲಾಗುತ್ತೆ? ಆದ್ರೆ 2007ರಲ್ಲಿ ಕಾನೂನು ಬದಲಾಗಿತ್ತು. ಇಷ್ಟು ವರ್ಷ ಸರ್ವಿಸ್ ಇದ್ದು ಈ ಪಟ್ಟಿಯಲ್ಲಿರೋ ಕ್ಯಾನ್ಸರ್ ಬಂದ್ರೆ ಕೆಲಸದಿಂದಲೇ ಬಂದಿದ್ದು ಅಂತ ಮೊದಲೇ ಒಪ್ಕೊಳ್ಳೋದು, ಅಲ್ಲ ಅನ್ನೋರು ಅಲ್ಲ ಅಂತ ತೋರಿಸ್ಲಿ. ಆ ಕಾನೂನಿನ ಹಿಂದೆ 1997ರ ಜುಲೈನಲ್ಲಿ ಹ್ಯಾಮಿಲ್ಟನ್‌ನಲ್ಲಿ ಪ್ಲಾಸ್ಟಿಮೆಟ್ ಅನ್ನೋ ಜಾಗದಲ್ಲಿ ಹತ್ತಿದ ಬೆಂಕಿ ಇದೆ. ಅಲ್ಲಿ ರಾಶಿ ಹಾಕಿದ್ದ ಪಿವಿಸಿ ಪ್ಲಾಸ್ಟಿಕ್ ದಿನಗಟ್ಟಲೆ ಉರಿದಿತ್ತು. ಅಲ್ಲಿಗೆ ಹೋಗಿದ್ದೋರಲ್ಲಿ ಒಬ್ರು 2004ರಲ್ಲಿ ಅನ್ನನಾಳದ ಕ್ಯಾನ್ಸರ್‌ನಲ್ಲಿ ತೀರ್ಕೊಂಡ್ರು. ಅವರ ಮನೆಯೋರು, ಯೂನಿಯನ್‌ನೋರು ಸೇರಿ ಓಡಾಡಿದ್ದಕ್ಕೇ ಅದು ಬಂದಿದ್ದು. ಮ್ಯಾನಿಟೋಬಾ ಪ್ರಾವಿನ್ಸಿನೋರು ಇನ್ನೂ ಮುಂಚೆ, 2002ರಲ್ಲೇ ಇಂಥದ್ದು ಮಾಡಿದ್ರು. ವಿಶ್ವಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ ಈ ಕೆಲಸಾನೇ ಕ್ಯಾನ್ಸರ್ ತರೋದು ಅಂತ ಮೊದಲನೇ ಗುಂಪಿಗೆ ಸೇರಿಸಿದ್ದು 2022ರಲ್ಲಿ. ಅಷ್ಟೊತ್ತಿಗೆ ಎಷ್ಟು ಹೆಣ ಹೊತ್ತಿದ್ರೋ.

ನಮ್ ಸೀನಿಯರ್ ಹೆಂಡ್ತಿಗೆ ಫಾರ್ಮ್ ತುಂಬಿಸಿದ್ದು ಯೂನಿಯನ್. ಕೀಮೋಗೆ ಕರ್ಕೊಂಡೋಗೋಕೆ ಪಾಳಿ ಹಾಕಿದ್ದು ಯೂನಿಯನ್. ಸತ್ತಾಗ ಹೆಲ್ಮೆಟ್ ಹೊತ್ತು, ಗಂಟೆ ಬಾರಿಸಿ, ಆಮೇಲೆ ಚಳಿಗಾಲ ಪೂರ್ತಿ ಅವರ ಮನೆ ಮುಂದಿನ ಹಿಮ ಎತ್ತಿದ್ದೂ ಅವ್ರೇ. ನಾನೂ ಎರಡು ಸಲ ಶವಲ್ ಹಿಡ್ಕೊಂಡು ಹೋಗಿದ್ದೆ. ಇವರು ಒಳ್ಳೇ ಜನ ಅನ್ಕೊಂಡೆನೇ ಹೊರತು ಇದೇ ಯೂನಿಯನ್ ಅಂತ ತಲೆಗೆ ಹೋಗ್ಲೇ ಇಲ್ಲ.

ಈಗ ನನ್ ಕಾಲ್. 2016ರ ಜನವರಿ. ಒಂದು ಮನೆಯ ಬೇಸ್ಮೆಂಟ್, ಬಾಡಿಗೆಗಿದ್ದೋರು ನಮ್ ಕಡೆ ಜನ. ಅಜ್ಜಿ ಒಬ್ರೇ ಇದ್ರು. ಜಾಸ್ತಿ ಬರೆಯಲ್ಲ. ಬೆಂಕಿ ಆರಿಸಿ ಓವರ್‌ಹಾಲ್ ಮಾಡ್ತಿದ್ವಿ, ಅಂದ್ರೆ ಎಲ್ಲಾದ್ರೂ ಕಿಡಿ ಉಳಿದಿದ್ಯಾ ಅಂತ ಕೆದಕಿ ನೋಡೋದು, ಅಡುಗೆಮನೆ ಕಡೆ ಅಷ್ಟೇನೂ ಸುಟ್ಟಿರ್ಲಿಲ್ಲ, ಸಿಂಕ್ ಪಕ್ಕ ಒಂದು ಸ್ಟೀಲ್ ಪಾತ್ರೆ, ಅದರಲ್ಲಿ ನೆನೆಸಿಟ್ಟ ಉದ್ದಿನಬೇಳೆ, ಮೇಲೆ ಮಸಿ ತೇಲ್ತಿತ್ತು. ಕ್ರೂನಲ್ಲಿ ಬೇರೆ ಯಾರಿಗೂ ಅದೇನು ಅಂತ ಗೊತ್ತಿಲ್ಲ. ನಂಗೊಬ್ಬನಿಗೆ ಗೊತ್ತು, ನಾಳೆ ಬೆಳಿಗ್ಗೆ ಆ ಮನೇಲಿ ದೋಸೆ ಅಂತ.

ಅದಾದ್ಮೇಲೆ ಮನೇಲಿ ಹೆಂಡ್ತಿ ಗ್ರೈಂಡರ್ ಹಾಕಿದ್ರೆ ನಾನು ಎದ್ದು ಹೊರಗೆ ಹೋಗ್ತಿದ್ದೆ, ಮೈನಸ್ ಹದಿನೈದರಲ್ಲೂ. ಅವಳು ಏನ್ರೀ ಅಂದ್ರೆ ಸಿಡುಕೋದು. ಸಿಕ್ ಲೀವ್ ಜಾಸ್ತಿ ಆಯ್ತು, ಕ್ಯಾಪ್ಟನ್ ಮೇಲೆ ಒಂದ್ಸಲ ಕೂಗಾಡಿದೆ. ಪೀರ್ ಸಪೋರ್ಟ್ ಟೀಮಿನ (ಕಷ್ಟದಲ್ಲಿರೋ ಜೊತೆಯೋರನ್ನ ಮಾತಾಡಿಸೋ ಟೀಮು) ಹುಡುಗ ಎರಡು ಸಲ ಬಂದು ಕಾಫಿಗೆ ಕರೆದ. ಚೆನ್ನಾಗಿದೀನಿ ಮಾರಾಯ ಅಂದೆ. ಅಕ್ಟೋಬರ್‌ನಲ್ಲಿ ಆಫೀಸಿಂದ ಮೀಟಿಂಗಿಗೆ ಕರೆದ್ರು, ಅಟೆಂಡೆನ್ಸ್ ಬಗ್ಗೆ. ಕೂತ ತಕ್ಷಣ ಮೊದಲನೇ ಪ್ರಶ್ನೆ: "ಯೂನಿಯನ್ ರೆಪ್ ಬೇಕಾ?" ರೆಪ್ ಅಂದ್ರೆ ನಮ್ ಪರವಾಗಿ ಕೂರೋ ಯೂನಿಯನ್ ಪ್ರತಿನಿಧಿ.

ನಾನು "ಬೇಡ" ಅಂದೆ.

ಇದೇ ತಪ್ಪು. ಇದೊಂದೇ. ಯಾಕೆ ಬೇಡ ಅಂದೆ ಅಂತ ಎಷ್ಟು ರಾತ್ರಿ ಯೋಚ್ನೆ ಮಾಡಿದೀನೋ. ರೆಪ್ ಕರ್ದ್ರೆ ತಪ್ಪು ಒಪ್ಕೊಂಡಂಗೆ ಅನ್ಕೊಂಡೆ. ಮೇಲಿನೋರಿಗೆ ಬೇಜಾರಾಗುತ್ತೆ ಅನ್ಕೊಂಡೆ. ಬಾವುಟ ಹಿಡಿಯೋನಲ್ಲ ನಾನು, ಮರ್ಯಾದಸ್ಥ ಅಂತ ತೋರಿಸ್ಬೇಕಿತ್ತು, ಅದೂ ಯಾರಿಗೆ, ದಾವಣಗೆರೆಯಲ್ಲಿ ಕೂತಿರೋ ಅಪ್ಪನಿಗಾ? ಎದುರಿಗಿದ್ದೋರು ಕೆಟ್ಟೋರೇನಲ್ಲ, ಅವರು ಅವರ ಕೆಲಸ ಮಾಡಿದ್ರು, ಕೇಳಿದ್ರು, ನಾನು ಬೇಡ ಅಂದೆ, ಮುಂದುವರಿಸಿದ್ರು. ಅರ್ಧ ಗಂಟೆ ಆದ್ಮೇಲೆ ನಂಗೆ ಆ ರೂಮಿಂದ ಹೊರಗೆ ಹೋದ್ರೆ ಸಾಕಾಗಿತ್ತು, ಆ ಲೈಟು, ಆ ಕಾರ್ಪೆಟ್ ವಾಸನೆ, ನಾನೇ ಬಿಟ್ಬಿಡ್ತೀನಿ ಅಂದೆ. ಅವತ್ತೇ ಲೆಟರ್ ಕೊಟ್ಟೆ. ಕಾರಣ ಅಂತ ಬರ್ದಿದ್ದು ಎರಡೇ ಪದ, "ಪರ್ಸನಲ್ ರೀಸನ್ಸ್". ಪಕ್ಕದಲ್ಲಿ ಒಬ್ಬ ರೆಪ್ ಕೂತಿದ್ರೆ ಏನು ಮಾಡ್ತಿದ್ದ? ದೊಡ್ಡದೇನೂ ಅಲ್ಲ. ಐದು ನಿಮಿಷ ಬ್ರೇಕ್ ಕೊಡಿ ಅಂತಿದ್ದ. ಹೊರಗೆ ಕರ್ಕೊಂಡೋಗಿ ಇವತ್ತು ಏನಕ್ಕೂ ಸೈನ್ ಹಾಕ್ಬೇಡ, ಮೊದ್ಲು ಡಾಕ್ಟರ್ ಹತ್ರ ಹೋಗು ಅಂತಿದ್ದ. ಅಷ್ಟೇ. ಆ ಐದು ನಿಮಿಷಕ್ಕೆ ನಾನು ಎಂಟು ವರ್ಷದ ಸೀನಿಯಾರಿಟಿ ಕೊಟ್ಟೆ.

ಇನ್ನೂ ಕೇಳಿ. ಅದೇ ವರ್ಷ ಏಪ್ರಿಲ್ 6ಕ್ಕೆ ಒಂಟಾರಿಯೊದಲ್ಲಿ ಹೊಸ ಕಾನೂನು ಬಂದಿತ್ತು, ಫೈರ್‌ಫೈಟರ್, ಪೊಲೀಸ್, ಪ್ಯಾರಾಮೆಡಿಕ್ ಇವರಿಗೆಲ್ಲ ಪಿಟಿಎಸ್‌ಡಿ (ಭಯಾನಕ ಘಟನೆ ನೋಡಿ ಮನಸ್ಸಿಗೆ ಬರೋ ಕಾಯಿಲೆ) ಬಂದ್ರೆ ಕ್ಯಾನ್ಸರ್ ಥರಾನೇ ಕೆಲಸದಿಂದ ಬಂದಿದ್ದು ಅಂತ ಒಪ್ಕೊಳ್ಳೋದು. ಯೂನಿಯನ್‌ನೋರು ಅದಕ್ಕೆ ವರ್ಷಗಟ್ಟಲೆ ಬಡಿದಾಡಿದ್ರು, ಹಾಲ್‌ನಲ್ಲಿ ಪೋಸ್ಟರ್ ಅಂಟಿಸಿದ್ರು, ನಾನು ಅದರ ಮುಂದೇನೇ ನಿಂತು ಮೈಕ್ರೋವೇವ್‌ನಲ್ಲಿ ಅನ್ನ ಬಿಸಿ ಮಾಡ್ಕೊಳ್ತಿದ್ದೆ. ಓದ್ಲಿಲ್ಲ. ಅದರಲ್ಲಿ ಎರಡು ವಿಷಯ ಇದೆ. ಒಂದು, ಸೈಕಿಯಾಟ್ರಿಸ್ಟ್ ಅಥ್ವಾ ಸೈಕಾಲಜಿಸ್ಟೇ ಡಯಾಗ್ನೋಸ್ ಮಾಡಿರ್ಬೇಕು, ಫ್ಯಾಮಿಲಿ ಡಾಕ್ಟರ್ ಚೀಟಿ ಸಾಲಲ್ಲ. ಇನ್ನೊಂದು, ಕೆಲಸ ಬಿಟ್ಟಿದ್ರೆ, ಬಿಟ್ಟ ದಿನದಿಂದ 24 ತಿಂಗಳ ಒಳಗೆ ಡಯಾಗ್ನೋಸ್ ಆಗಿರ್ಬೇಕು. ನಾನು ಸೈಕಾಲಜಿಸ್ಟ್ ಹತ್ರ ಹೋಗಿದ್ದು 2018ರ ಡಿಸೆಂಬರ್‌ನಲ್ಲಿ, ಅದೂ ಹೆಂಡ್ತಿ ಅಳ್ತಾ ಎಳ್ಕೊಂಡು ಹೋಗಿದ್ದಕ್ಕೆ. ಲೆಕ್ಕ ಹಾಕ್ಕೊಳ್ಳಿ. 26 ತಿಂಗಳು.

ಹಂಗಾಗಿ ಎಲ್ಲಾ ನಾನೇ ಪ್ರೂವ್ ಮಾಡ್ಬೇಕಾಯ್ತು. ಮೇಲಧಿಕಾರಿಗಳ ನಿರ್ಧಾರದಿಂದ, ಅಂದ್ರೆ ಶಿಸ್ತುಕ್ರಮ ಅಂಥದ್ದರಿಂದ ಬಂದ ಕಾಯಿಲೆ ಆ ಕಾನೂನಿನಡಿ ಬರಲ್ಲ, ಮತ್ತೆ ನನ್ ಫೈಲಲ್ಲಿ ಇರೋದೆಲ್ಲ ಅಟೆಂಡೆನ್ಸ್ ಮೀಟಿಂಗ್ ಮತ್ತೆ "ಪರ್ಸನಲ್ ರೀಸನ್ಸ್". ಆ ಅಜ್ಜಿ, ಆ ಬೇಸ್ಮೆಂಟ್, ಆ ಪಾತ್ರೆ, ಒಂದಕ್ಷರ ಎಲ್ಲೂ ಇಲ್ಲ. ನಾನೇ ಬರೆಸಿರ್ಲಿಲ್ಲ.

ಆಗ ಯಾರು ಬಂದ್ರು ಅಂದ್ರೆ ಅದೇ ಪೀರ್ ಸಪೋರ್ಟ್ ಹುಡುಗ. ನಾನು ಮೆಂಬರೇ ಅಲ್ಲ ಆಗ, ಬರೋ ಕರ್ಮ ಅವನಿಗೇನಿತ್ತು? ಯೂನಿಯನ್‌ನಲ್ಲಿ ಕಾಂಪೆನ್ಸೇಶನ್ (ಪರಿಹಾರದ ಅರ್ಜಿ) ನೋಡ್ಕೊಳ್ಳೋ ಹೆಂಗಸೊಬ್ರನ್ನ ಕರ್ಕೊಂಡು ಬಂದ, ಆಯಮ್ಮ ನಮ್ ಅಡುಗೆಮನೆ ಟೇಬಲ್ ಮುಂದೆ ಕೂತು ಅವತ್ತಿನ ಕ್ರೂನೋರ ಹೇಳಿಕೆ ಒಂದೊಂದಾಗಿ ತರಿಸಿದ್ರು. ಎರಡು ವರ್ಷ ಮೇಲೆ ಹಿಡೀತು. ಟ್ರೀಟ್‌ಮೆಂಟ್ ಖರ್ಚು ಮತ್ತೆ ಸ್ವಲ್ಪ ದುಡ್ಡು ಸಿಕ್ತು. ಕೆಲಸ ವಾಪಸ್ ಸಿಗ್ಲಿಲ್ಲ.

ಯೂನಿಯನ್‌ನೋರು ದೇವ್ರು ಅಂತ ಹೇಳ್ತಿಲ್ಲ ಮತ್ತೆ. ಎಲೆಕ್ಷನ್ ಟೈಮಲ್ಲಿ ಗುಂಪುಗಾರಿಕೆ ಇದ್ದೇ ಇದೆ, ಕೆಲಸ ಕಳ್ಳರನ್ನ ಕಾಪಾಡೋದೂ ನೋಡಿದೀನಿ. ರಜೆ ದಿನ ತನ್ನ ಹಳ್ಳಿ ಸ್ಟೇಷನ್‌ನಲ್ಲಿ ವಾಲಂಟಿಯರ್ ಆಗಿ ಹೋಗೋ ಮೆಂಬರ್‌ಗಳ ಮೇಲೆ ಹರಿಹಾಯೋದು ನಂಗೆ ಇವತ್ತಿಗೂ ಸರಿ ಕಾಣಲ್ಲ. ಅದನ್ನ ಮೀಟಿಂಗಲ್ಲಿ ಎದ್ದು ಹೇಳಿ, ಅದಕ್ಕೆ ತಾನೇ ಡ್ಯೂಸ್ ಕಟ್ಟೋದು.

ಈಗ ನಿಮ್ ಪ್ರಶ್ನೆ. ಯೂನಿಯನ್ನಾ ಎಚ್‌ಆರಾ ಅನ್ನೋದೇ ತಪ್ಪು ಪ್ರಶ್ನೆ, ಎಚ್‌ಆರ್‌ಗೆ ಸಂಬಳ ಕೊಡೋದು ನಿಮ್ ಎಂಪ್ಲಾಯರ್, ನೀವಲ್ಲ, ಅಲ್ಲಿಗೆ ಹೋಗೋದಿದ್ರೆ ಪಕ್ಕದಲ್ಲಿ ಒಬ್ಬರನ್ನ ಕೂರಿಸ್ಕೊಂಡೇ ಹೋಗಿ. ಹೆಸರು ಕೆಡುತ್ತೆ ಅನ್ನೋದು ಬಿಡಿ, ಅಮೆರಿಕ ಕೆನಡಾ ಎರಡಕ್ಕೂ ಸೇರಿದ ನಮ್ ದೊಡ್ಡ ಯೂನಿಯನ್ನು, 1918ರಲ್ಲಿ ಶುರುವಾಗಿದ್ದು, 2017ರಲ್ಲಿ ಮೇರಿಲ್ಯಾಂಡ್‌ನಲ್ಲಿ ಇದಕ್ಕೇ ಅಂತ ಒಂದು ಟ್ರೀಟ್‌ಮೆಂಟ್ ಸೆಂಟರ್ ತೆಗೆಸಿದೆ, ಫೈರ್‌ಫೈಟರ್‌ಗಳಿಗೆ ಮಾತ್ರ. ಒಬ್ರಿಬ್ರಿಗೆ ಅಂತ ಯಾರೂ ಅಷ್ಟು ದೊಡ್ಡ ಸೆಂಟರ್ ಮಾಡಲ್ಲ. ನೀವು ಯಾವ ಪ್ರಾವಿನ್ಸ್ ಅಂತ ಬರ್ದಿಲ್ಲ, ಕಾನೂನು ಒಂದೊಂದು ಕಡೆ ಒಂದೊಂದು ಥರ, ಆದ್ರೆ ಆ ಕಾಲ್ ಯಾವತ್ತು, ಯಾರ್ಯಾರಿದ್ರು, ಏನು ನೋಡಿದ್ರಿ, ನಿದ್ದೆ ಯಾವತ್ತಿಂದ ಹೋಯ್ತು, ಇದನ್ನ ಇವತ್ತು ರಾತ್ರಿನೇ ಡೇಟ್ ಹಾಕಿ ಬರ್ದಿಡಿ. ಕನ್ನಡದಲ್ಲೇ ಬರೀರಿ ಪರವಾಗಿಲ್ಲ. ರಾಜೀನಾಮೆ ಲೆಟರ್ ಟೈಪ್ ಮಾಡಿಟ್ಟಿದ್ರೆ ಡಿಲೀಟ್ ಮಾಡಿ. ನಾಳೆ ಶಿಫ್ಟ್ ಇದ್ರೆ ಸ್ವಲ್ಪ ಬೇಗ ಹೋಗಿ, ಯೂನಿಯನ್ ಸ್ಟುವರ್ಡ್ (ಹಾಲ್‌ನಲ್ಲಿರೋ ಯೂನಿಯನ್ ಪ್ರತಿನಿಧಿ) ನಂಬರ್ ಹಾಲ್‌ನ ಕಿಚನ್‌ನಲ್ಲೇ ಎಲ್ಲೋ ಅಂಟಿಸಿರ್ತಾರೆ, ನಮ್ಮಲ್ಲಿ ಮೈಕ್ರೋವೇವ್ ಮೇಲಿತ್ತು.